ಸುಕ್ಕಿಲ್ಲದ ಕಾಯಿ

ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುತ್ತ ಬಿಡಿಸುತ್ತಲೇ ಹೊಳಿಯವ್ವ ಮುಪ್ಪಾದಳು. ಸಂಜೆ ಮನೆಗೆ ಬಂದರೆ ಕೈಗೆ ಕುಸುಬಿ ಎಣ್ಣೆ ತಿಕ್ಕಿ, ತೊಳೆದು, ಸೆರಗಿಗೆ ಒರೆಸಿಕೊಂಡು ನೇರ ತೊಟ್ಟಿಲಿಗೆ ಹೋಗುವುದು ಅವಳ ರೂಢಿ. ಮೊದಲು ಮಕ್ಕಳನ್ನು, ಈಗ ಮೊಮ್ಮಗಳನ್ನು ಎತ್ತಿ ಆಡಿಸಿದ್ದು ಅದೇ ಕೈ.

"ನಮ್ಮ ಕಾಯಿ ಬಣ್ಣಕ್ಕ ಹುಲಿ, ಖಾರಕ್ಕ ಆಕಳು. ಈ ಕೈಯಿಂದ ಒಂದ್ ಕೂಸೂ ಅತ್ತಿಲ್ಲ ನೋಡು," ಎಂದು ಸೊಸೆಯ ಮುಂದೆ ಹೇಳಿಕೊಳ್ಳುವಳು.

ಸೊಸೆ ದ್ರಾಕ್ಷಾಯಿಣಿ ರಾಣೆಬೆನ್ನೂರಿನವಳು, ಬಿ.ಕಾಂ. ಓದಿದವಳು. ಬಾಣಂತನ ಮುಗಿಸಿ ಬಂದವಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡೇ ಮೊಬೈಲಿನಲ್ಲಿ ಒಂದು ಅಂಗಡಿ ತೆರೆದಳು. 'ಹೊಳಿಯವ್ವನ ಮೆಣಸಿನಕಾಯಿ' ಎಂದು ಹೆಸರಿಟ್ಟಳು. ಫೋಟೋ ತಾನೇ ತೆಗೆದಳು: ಗೋಣಿತಾಟಿನ ಮೇಲೆ ಒಂದು ಬೊಗಸೆ ಕಾಯಿ, ಮುದುಕಿಯ ಕೆನ್ನೆಯಂತೆ ಸುಕ್ಕು ಸುಕ್ಕು. ಕೊಂಡವರಿಗೆ ಫೋನು ಮಾಡಿ, ಸಾರಿಗೆ ಬಣ್ಣ ಹೇಗೆ ಬಂತೆಂದು ಕೇಳುವಳು. ಕೇಳುವುದಕ್ಕೆ ಗಿರಾಕಿಗಳು ಮಾತ್ರ ಬೆರಳೆಣಿಕೆ.

ಗಂಡ ಹುಲಿಗೇಶನಿಗೆ ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಅವನೇ ಒಂದು ಭಾನುವಾರ ತನ್ನ ಕಾಲೇಜು ಗೆಳೆಯ ವಿಕ್ರಮನನ್ನು ಹಾವೇರಿಯಿಂದ ಕರೆತಂದ. ಇಂಥ ಅಂಗಡಿಗಳನ್ನು ಸುಧಾರಿಸಿಕೊಡುವುದೇ ವಿಕ್ರಮನ ಉದ್ಯೋಗ.

"ವೈನೀ, ನಾ ಚಹಾ ಕುಡದು ಮುಗಿಸಿದೆ. ನಿಮ್ಮ ಅಂಗಡಿ ಇನ್ನೂ ತೆರೀಲಿಕತ್ತದ," ಎಂದು ಅವನು ನಕ್ಕ.

"ನಮ್ಮ ಮನಿ ಬಾಗಲಾನೂ ಹಂಗ ಐತಪಾ," ಎಂದಳು ಹೊಳಿಯವ್ವ. "ಭುಜಾ ಕೊಟ್ಟು ನೂಕಬೇಕು."

ಕೆಲಸ ಬಲ್ಲವನೇ. ಭಾರದ ಫೋಟೋಗಳನ್ನು ಹಗುರ ಮಾಡಿದ, ಬೇಡದ್ದನ್ನು ಕಿತ್ತುಹಾಕಿದ. ಪುಟ ಮುಟ್ಟಿದರೆ ಸಾಕು, ತೆರೆದುಕೊಳ್ಳತೊಡಗಿತು. ದ್ರಾಕ್ಷಾಯಿಣಿ ಹಿಗ್ಗಿ ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದಳು. ಆಮೇಲೆ ಅವನ ಕಣ್ಣು ಆ ಬೊಗಸೆ ಕಾಯಿಯ ಮೇಲೆ ಬಿತ್ತು.

"ಈ ಸುಕ್ಕು ಯಾಕ್ರಿ? ದೂರದ ಮಂದಿ ಹಳೇ ಮಾಲು ಅಂತಾರ."

"ಸುಕ್ಕಿನ್ಯಾಗ ಬಣ್ಣ ಕುಂತಿರತೈತಿ ತಮ್ಮಾ. ನುಣ್ಣನ ಕಾಯಿ ನಮ್ಮದಲ್ಲ," ಎಂದಳು ಹೊಳಿಯವ್ವ.

"ಫೋಟೋಕ್ಕ ಒಂದೀಟು ಪೌಡರ್ ಹಚ್ಚಿದಂಗ್ರೀ ಅವ್ವಾರ. ಮದುವ್ಯಾಗ ಹಚ್ಚಂಗಿಲ್ಲೇನು?"

ದ್ರಾಕ್ಷಾಯಿಣಿ ನಕ್ಕಳು. ಹೂಂ ಅಂದದ್ದೂ ಅವಳೇ.

ನುಣುಪಾದ, ಮಿರಿಮಿರಿ ಹೊಳೆಯುವ ಕಾಯಿಯ ಫೋಟೋ ಬಂತು. ಪಕ್ಕದಲ್ಲಿ ಹೊಳಿಯವ್ವನ ಎರಡು ಕೈಗಳ ಫೋಟೋ. ಕೊಂಡವರ ಮೊಬೈಲಿಗೆ ತಿಂಗಳು ತಿಂಗಳು ತಾನಾಗಿಯೇ ಒಂದು ಮೆಸೇಜು ಹೋಗುವಂತಾಯಿತು: "ಮಗಾ, ಖಾರ ಮುಗೀತೇನು? ಕಳಸ್ಲೇನು? ನಿನ್ನ ಹೊಳಿಯವ್ವ." ಓದು ಬಾರದ ಹೊಳಿಯವ್ವ ಎಷ್ಟೋ ಊರಿನ ಮಂದಿಗೆ ಪತ್ರ ಬರೆಯುವವಳಾದಳು. ಮನೆ ತುಂಬ ಆರ್ಡರು. ಹೊಳಿಯವ್ವ ಮಾರುಕಟ್ಟೆ ಬಿಟ್ಟು ಮನೆಯಲ್ಲೇ ತುಂಬು ಬಿಡಿಸತೊಡಗಿದಳು.

ಹಿಂದೆಯೇ ಪಾರ್ಸೆಲ್ಲುಗಳು ವಾಪಸ್ ಬರತೊಡಗಿದವು. ಕಾಯಿ ಗೊತ್ತಿಲ್ಲದವರು, 'ತೋರಿಸಿದ್ದೇ ಬೇರೆ, ಕಳಿಸಿದ್ದು ಮುದುಡಿದ ಹಳೆ ಸರಕು' ಎಂದು ಬರೆದರು. ಗೊತ್ತಿದ್ದವರು ಫೋಟೋ ನೋಡಿಯೇ ದೂರ ಸರಿದರು. ಮೊದಲ ದಿನದಿಂದ ಕೊಳ್ಳುತ್ತಿದ್ದ, ಹಾವೇರಿಯಲ್ಲಿ ಹುಟ್ಟಿ ಪುಣೆ ಸೇರಿದ್ದ ಪದ್ಮಜಾ ಫೋನು ಮಾಡಿದಳು. "ಆ ಕಾಯಿ ನಮ್ಮ ಕಡೇದಲ್ಲ ಬಿಡ್ರಿ. ನೀವೂ ಕಲಬೆರಕಿಗೆ ಇಳಿದ್ರೇನು?" ಉತ್ತರಕ್ಕೂ ಕಾಯದೆ ಇಟ್ಟುಬಿಟ್ಟಳು.

ಹಳೆಯ ಫೋಟೋ ಹಾಕೆಂದು ದ್ರಾಕ್ಷಾಯಿಣಿ ವಿಕ್ರಮನಿಗೆ ಗಂಟುಬಿದ್ದಳು. ಹಾಕಿ ನೋಡಿದ್ದಾಯಿತು, ಆರ್ಡರು ಬತ್ತಿದವು.

"ಫೋಟೋ ಬದಲಿಸೂದು ಬ್ಯಾಡ್ರಿ ವೈನಿ," ಎಂದ ಅವನು. "ಮಾಲು ಬದಲಿಸ್ರಿ."

ಗಂಡ ಬೇಡವೆನ್ನಲಿ ಎಂದು ಅವಳು ಕಾದಳು. ಹುಲಿಗೇಶ ವಾಪಸ್ ಬಂದ ಪೆಟ್ಟಿಗೆಗಳ ಕಡೆ ನೋಡಿದ. "ಮಂದಿ ಕೇಳಿದ್ದ ಕೊಟ್ರ ಮೋಸ ಹೆಂಗಾಕ್ಕೈತಿ?" ಎಂದ. ಆ ಪೆಟ್ಟಿಗೆಗಳ ಸಂದಿಯಲ್ಲಿ ಕೂಸು ಅಂಬೆಗಾಲಿಡುತ್ತಿತ್ತು. ದ್ರಾಕ್ಷಾಯಿಣಿ ಬೇಡ ಅನ್ನಲಿಲ್ಲ.

ಹೊಸ ಚೀಲ ಬಂತು. ಹೊಳಿಯವ್ವ ಕೈ ಹಾಕಿದವಳು ಹಾಗೇ ಹಿಂದೆ ತೆಗೆದಳು.

"ಇದ್ಯಾರ ಮನಿ ಕಾಯಿಲೇ?"

"ಹೊರಗಿಂದವ್ವಾ," ಎಂದ ಹುಲಿಗೇಶ. "ಫೋಟೋದಾಗ ಇದ್ದಂಗ ಐತಿ."

"ಫೋಟೋದಾಗ ನನ್ನ ಕೈನೂ ಅದಾವಲ್ಲೋ. ಅವನ್ನೂ ಬದಲ ಮಾಡ್ತೀಯೇನು?"

ಮಗ ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ನಡೆದ. ಪಾರ್ಸೆಲ್ಲು ಸಂಜೆಯೊಳಗೆ ಹೋಗಬೇಕಿತ್ತು. ಗೊಣಗುತ್ತಲೇ ಹೊಳಿಯವ್ವ ತುಂಬು ಬಿಡಿಸಿದಳು. ಕೈ ಉರಿಯಿತು, ಉಫ್ ಎಂದು ಊದಿಕೊಂಡಳು. ಕೆಲಸ ಮುಗಿದ ಮೇಲೆ ಎಂದಿನಂತೆ ಎಣ್ಣೆ ತಿಕ್ಕಿ, ತೊಳೆದು, ಸೆರಗಿಗೆ ಒರೆಸಿಕೊಂಡಳು. ಆಗಷ್ಟೇ ಎದ್ದ ಕೂಸನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಅದರ ಕಣ್ಣಿನ ಪಿಸುರು ತೆಗೆದಳು. ಊರಿನ ಕಾಯಿಗೆ ಆ ಎಣ್ಣೆ, ಆ ನೀರು ಸಾಕಾಗುತ್ತಿತ್ತು.

ಕೂಸು ಚೀರಿದ್ದಕ್ಕೆ ಓಣಿಯೇ ಬಾಗಿಲಿಗೆ ಬಂತು. ದ್ರಾಕ್ಷಾಯಿಣಿ ಕೊಡ ಕೊಡ ನೀರು ಹಾಕಿ ಕಣ್ಣು ತೊಳೆದಳು, ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದಳು. ಬೆಳಗಾಗುವುದರೊಳಗೆ ಬಾವು ಇಳಿದು ಕೂಸು ಕಣ್ಣು ಬಿಟ್ಟಿತು. ಹೊಳಿಯವ್ವ ಹೊಸ್ತಿಲ ಮೇಲೆಯೇ ಕೂತಿದ್ದಳು.

"ನನ್ನ ಹೆಸರು ತಗದಬಿಡು ದ್ರಾಕ್ಷಿ. ಈ ಕೈದು ಫೋಟೋನೂ ತಗದಬಿಡು."

ದ್ರಾಕ್ಷಾಯಿಣಿ ಮೊಬೈಲು ತೆಗೆದಳು. ಮುಟ್ಟುವುದೇ ತಡ, ಅಂಗಡಿ ತೆರೆದುಕೊಂಡಿತು. ಆದರೆ ಅದರೊಳಗೆ ಏನನ್ನೂ ಬದಲಿಸಲು ಅವಳಿಗೀಗ ಬರುವಂತಿರಲಿಲ್ಲ, ಪಾಸ್‌ವರ್ಡು ವಿಕ್ರಮನ ಕೈಯಲ್ಲಿತ್ತು. ಫೋನು ಮಾಡಿದಳು.

"ಮಂದಿ ಮೆಣಸಿನಕಾಯಿ ತಗೊಳ್ಳಿಕತ್ತಿಲ್ರಿ ವೈನಿ, ಅವ್ವಾರನ್ನ ತಗೊಳ್ಳಿಕತ್ತಾರ," ಎಂದ ಅವನು. "ಆ ಹೆಸರು ತಗದ್ರ ಏನ್ ಉಳೀತದ?"

"ಕೂಸು ಆರಾಮ ಐತಲ್ಲ, ಬಿಡು," ಎಂದ ಹುಲಿಗೇಶ.

ಮಾರನೆಯ ದಿನದಿಂದ ಹೊಳಿಯವ್ವ ಮತ್ತೆ ಮಾರುಕಟ್ಟೆಗೆ, ಕಂಡವರ ಅಂಗಡಿಗೆ ಸುಕ್ಕಿನ ಕಾಯಿಯ ತುಂಬು ಬಿಡಿಸಲು ಕೂಲಿಗೆ ಹೋಗತೊಡಗಿದಳು. ಮನೆಯ ನುಣುಪು ಕಾಯಿಗೆ ದ್ರಾಕ್ಷಾಯಿಣಿ ರಬ್ಬರಿನ ಕೈಗವಸು ಹಾಕಿಕೊಂಡು ಕೂರುತ್ತಾಳೆ. ಪಾರ್ಸೆಲ್ಲು ಯಾವುದೂ ವಾಪಸ್ ಬರುವುದಿಲ್ಲ. 'ಚಿತ್ರದಲ್ಲಿದ್ದ ಹಾಗೆಯೇ ಬಂದಿದೆ, ಹೊಳಿಯವ್ವನಿಗೆ ನಮಸ್ಕಾರ' ಎಂದು ಯಾರೋ ಐದು ಚುಕ್ಕಿ ಕೊಟ್ಟಿರುತ್ತಾರೆ.

ಸಂಜೆ ಹೊಳಿಯವ್ವ ಬಂದು ಎಣ್ಣೆ ತಿಕ್ಕಿ ಕೈ ತೊಳೆಯುತ್ತಾಳೆ. ಕೂಸು ಎರಡೂ ತೋಳು ಚಾಚುತ್ತದೆ. ಅವಳು ಕೈಗಳನ್ನು ಸೆರಗಿನೊಳಗೆ ಅಡಗಿಸಿಕೊಳ್ಳುತ್ತಾಳೆ.

"ಎತ್ತಿಕೊಳ್ರಿ ಅತ್ತಿ," ಎಂದು ಒಂದು ದಿನ ದ್ರಾಕ್ಷಾಯಿಣಿ ಅಂದಳು. "ನೀವು ಮುಟ್ಟಿದ್ದು ನಮ್ಮ ಸುಕ್ಕಿನ ಕಾಯಿನ ಅಲ್ಲೇನು?"

"ಗೊತ್ತೈತಿ," ಎಂದಳು ಹೊಳಿಯವ್ವ. ಕೈ ಮಾತ್ರ ಹೊರಗೆ ಬರಲಿಲ್ಲ.