ನನಗೆ ಓದಲು ಬರುವ ಬೀಜಗಣಿತ

ಮಗಳು ಏಳನೆಯ ತರಗತಿಯಲ್ಲಿದ್ದಾಗ ಕೀಲುನೋವಿನ ಜ್ವರ ಬಂದು ಹೃದಯಕ್ಕೆ ತಾಗಿತು. ಒಂದು ವರ್ಷ ಮೆಟ್ಟಿಲು ಹತ್ತಿಳಿಯಬಾರದು ಎಂದರು ಡಾಕ್ಟರು. ಡೊಂಬಿವಲಿಯಲ್ಲಿ ನಮ್ಮದು ಲಿಫ್ಟಿಲ್ಲದ ಕಟ್ಟಡದ ಮೂರನೆಯ ಮಾಳಿಗೆ. ಹಾಗಾಗಿ ಪಾಠವೆಲ್ಲ ಮನೆಯಲ್ಲೇ ಎಂದಾಯಿತು. ವರ್ಷದ ಕೊನೆಗೆ ಶಾಲೆಯವರು ಇಂಗ್ಲಿಷಿನಲ್ಲಿ ಒಂದು ಪರೀಕ್ಷೆ ಇಡುತ್ತಾರೆ. ಪಾಸಾದರೆ ಗೆಳತಿಯರ ಜೊತೆ ಎಂಟನೆಯದಕ್ಕೆ, ಇಲ್ಲದಿದ್ದರೆ ಪುನಃ ಏಳಕ್ಕೆ. ಉಳಿದ ವಿಷಯ ಅವಳೇ ಓದಿಕೊಳ್ಳುತ್ತಿದ್ದಳು. ತೊಡಕಾದದ್ದು ಆ ವರ್ಷವೇ ಶುರುವಾಗುವ ಬೀಜಗಣಿತ.

ಹೆಂಡತಿಗೆ ಸೀವುಡ್ಸ್‌ನಲ್ಲಿ ಆಫೀಸು. ಠಾಣೆಯಲ್ಲಿ ರೈಲುಗಾಡಿ ಬದಲಿಸಿ ಹೋಗಿ ಬರುವಷ್ಟರಲ್ಲಿ ಅವಳು ಹಿಂಡಿಹೋಗಿರುತ್ತಿದ್ದಳು. "ಮಧ್ಯಾಹ್ನ ನಿಮಗೆ ಬಿಡುವುಂಟಲ್ಲ, ಪುಸ್ತಕ ನೀವೇ ನೋಡಿ" ಎಂದಳು. ನಾನು ಕಲ್ಯಾಣದ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವ. ಮೂರರಿಂದ ಐದರವರೆಗೆ ಒಲೆ ಆರಿರುತ್ತಿತ್ತು.

ನಾನು ಓದಿದ್ದು ಐದನೆಯವರೆಗೆ, ಉಡುಪಿ ಕಡೆಯ ಕನ್ನಡ ಶಾಲೆಯಲ್ಲಿ. ಅದನ್ನು ಯಾರ ಮುಂದೆಯೂ ಮುಚ್ಚಿಟ್ಟವನಲ್ಲ. ಐನೂರು ಜನರ ಸಾಂಬಾರಿನ ಅಳತೆಯನ್ನು ಚೀಟಿಯಿಲ್ಲದೆ ಹೇಳುವವನಿಗೆ ಮುಚ್ಚಿಡುವಂಥದ್ದು ಏನಿದೆ?

ಸ್ಟೇಷನ್ ಹತ್ತಿರದ ಅಂಗಡಿಯವನು ಮೂರು ಪುಸ್ತಕ ಮುಂದಿಟ್ಟ. ಒಂದು ದಪ್ಪನೆಯ ಇಂಗ್ಲಿಷ್ ಪುಸ್ತಕ. ಪ್ರತಿ ಲೆಕ್ಕವನ್ನೂ ಹೆಜ್ಜೆ ಹೆಜ್ಜೆಯಾಗಿ ಬಿಡಿಸಿ ತೋರಿಸಿತ್ತು, ಮಗು ತಾನೇ ಕಲಿಯಬಹುದು ಎಂದ. ಇನ್ನೊಂದು ಇಂಗ್ಲಿಷಿನದರಲ್ಲಿ ಬರೀ ಲೆಕ್ಕಗಳು, ಟ್ಯೂಷನ್ನಿಗೆ ಹೋಗುವವರಿಗೆ. ಮೂರನೆಯದು ಮರಾಠಿ ಮಾಧ್ಯಮದ್ದು. ಕಲಿಸುವವರು ಯಾರು ಎಂದು ಕೇಳಿದ. ನಾನೇ ಎಂದೆ.

ಮರಾಠಿ ಪುಸ್ತಕ ತೆರೆದೆ. ಹೋಟೆಲಿನ ಗಲ್ಲಾಪೆಟ್ಟಿಗೆಯ ಮೇಲಿನ ಪೇಪರು ಓದಿ ಓದಿ ಮರಾಠಿ ನನಗೆ ಸರಾಗವಾಗಿತ್ತು. ಅದರಲ್ಲೂ ಬೀಜಗಣಿತಕ್ಕೆ ಬೀಜಗಣಿತವೆಂದೇ ಇತ್ತು. ಇಂಗ್ಲಿಷಿನಲ್ಲಿ ಎಕ್ಸ್ ಇರುವ ಕಡೆ ಇಲ್ಲಿ 'ಕ್ಷ' ಇತ್ತು. ಊರಿನವರು ಸಿಕ್ಕಷ್ಟು ಖುಷಿಯಾಯಿತು. ಲೆಕ್ಕ ಯಾವ ಭಾಷೆಯಲ್ಲಾದರೂ ಲೆಕ್ಕವೇ ಎಂದುಕೊಂಡು ಅದನ್ನೇ ತಂದೆ.

ನಾವು ತುಳುವಿನಲ್ಲೋ ಕನ್ನಡದಲ್ಲೋ ಮಾತಾಡಿದರೆ ಮಗಳು ಹಿಂದಿಯಲ್ಲಿ ಉತ್ತರ ಕೊಡುವವಳು. "ಪಪ್ಪಾ, ಯೇ ಕ್ಷ ಕೌನ್ ಹೈ?" ಎಂದಳು, ಕ್ಷ ಎಂದರೆ ಯಾರೋ ಮನುಷ್ಯ ಎಂಬಂತೆ.

"ಗೊತ್ತಿಲ್ಲದ ಸಂಖ್ಯೆ. ನಮ್ಮ ಕಡೆಯ ಮಾತಲ್ಲಿ 'ಎಂತ' ಅಂತ ಇಟ್ಟುಕೋ. 'ಎಂತ'ಕ್ಕೆ ಐದು ಕೂಡಿದರೆ ಹನ್ನೆರಡು. ಹಾಗಾದರೆ 'ಎಂತ' ಎಂತ?"

ಅವಳು ನಕ್ಕಳು. ಏಳು ಎಂದಳು.

ಮೂರು ವಾರ ಹಾಗೆ ನಡೆಯಿತು. ಒಲೆ ಆರಿದ ಕೂಡಲೇ ಗಾಡಿ ಹಿಡಿದು ಬರುತ್ತಿದ್ದೆ. ಹಿಂದಿನ ದಿನವೇ ಹೋಟೆಲಿನಲ್ಲಿ ಪಾಠ ಓದಿಟ್ಟುಕೊಂಡಿರುತ್ತಿದ್ದೆ. ಜೊತೆಯವರು ಇಸ್ಪೀಟಿಗೆ ಕರೆದು ಕರೆದು ಬಿಟ್ಟರು. ಮಾಸ್ತರರು ಬಿಜಿ ಎಂದು ತಮಾಷೆ ಮಾಡಿದರು. ಇಷ್ಟು ವರ್ಷ ಈ ಊರಿನಲ್ಲಿ ಉಪ್ಪು ಹೆಚ್ಚಾಯಿತೇ ಕಡಿಮೆಯಾಯಿತೇ ಎನ್ನುವುದು ಬಿಟ್ಟು ನನ್ನನ್ನು ಯಾರೂ ಏನೂ ಕೇಳಿದವರಿಲ್ಲ.

ಒಂದು ದಿನ ಗೆಳತಿಯೊಬ್ಬಳು ಶಾಲೆಯ ಹಳೆಯ ಪ್ರಶ್ನೆಪತ್ರಿಕೆ ಕೊಟ್ಟು ಹೋದಳು. ನಾನು ಬಂದಾಗ ಮಗಳು ಅದನ್ನು ಮುಂದಿಟ್ಟುಕೊಂಡು ಕೂತಿದ್ದಳು. ಅರ್ಧಕ್ಕರ್ಧ ಖಾಲಿ. ಬಿಡಿಸಿದ್ದರಲ್ಲೂ ಎಕ್ಸ್ ಬರಬೇಕಾದ ಜಾಗದಲ್ಲೆಲ್ಲ 'ಕ್ಷ' ಬರೆದು, ಹೊಡೆದುಹಾಕಿ, ಪುನಃ ಬರೆದಿದ್ದಳು.

"ಮುಝೇ ಆತಾ ಹೈ, ಪಪ್ಪಾ" ಎಂದಳು, ನನಗೆ ಬೇಸರವಾಗಬಾರದು ಎಂಬಂತೆ. "ಬಸ್, ಪೂಛಾ ಕ್ಯಾ ಹೈ, ವೋ ಸಮಝ್ ನಹೀ ಆತಾ."

ಲೆಕ್ಕ ಬರುತ್ತದೆ, ಕೇಳಿದ್ದೇನು ಎಂಬುದು ತಿಳಿಯುವುದಿಲ್ಲ. ಆ ಪುಸ್ತಕ ಆರಿಸಿದ್ದು ಅವಳಿಗಾಗಿ ಅಲ್ಲ, ನನಗಾಗಿ ಎಂಬುದು ನನಗೆ ಅಂಗಡಿಯಲ್ಲೇ ಗೊತ್ತಿತ್ತೋ ಏನೋ. ಹೌದು, ಗೊತ್ತಿತ್ತು.

ಮರುದಿನ ಹೋಗಿ ದಪ್ಪ ಪುಸ್ತಕ ತಂದೆ. ಕಾಕಾ, ಮಾಸ್ತರರು ಬದಲಾದರೇ ಎಂದು ಅಂಗಡಿಯವನು ಕೇಳಿದ. ಹೌದು ಎಂದೆ.

ಮಗಳು ಎಂಟನೆಯದಕ್ಕೆ ಹೋದದ್ದು ಆ ಪುಸ್ತಕದಿಂದಲೇ. ಅದು ಬಂದ ಮೇಲೂ ಕೆಲವು ದಿನ ನಾನು ಮಧ್ಯಾಹ್ನ ಮನೆಗೆ ಬರುತ್ತಿದ್ದೆ. ಯಾವ ಪಾಠ ಎಂದು ಕೇಳಿದರೆ ಇಂಗ್ಲಿಷ್ ಹೆಸರು ಹೇಳಿ, ನನ್ನ ಮುಖ ನೋಡಿ, "ಆಪ್ ಸೋ ಜಾವೋ ಪಪ್ಪಾ, ಥಕ್ ಗಯೇ ಹೋಂಗೇ" ಎನ್ನುತ್ತಿದ್ದಳು, ದಣಿದಿರುತ್ತೀರಿ ಎಂದು. ನಾನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದೆ. ಪುಟ ತಿರುವುವ ಸದ್ದು ಬೇಗ ಬೇಗ ಕೇಳುತ್ತಿತ್ತು. ಎಲ್ಲೂ ಅವಳು ತಡವರಿಸುತ್ತಿರಲಿಲ್ಲ.