ಕಪ್ಪು ಲಿಪ್‌ಸ್ಟಿಕ್ಕಿಗೆ ಯಾರ ಪರ್ಮಿಷನ್?

“ಮೇಡಂ, ಕೊಡ್ಲಾ ಬೇಡ್ವಾ?”

ಎಂಟನೇ ಕ್ಲಾಸಿಗೆ ಬೀಜಗಣಿತ ಮುಗಿಸಿ, ಸ್ಟಾಫ್ ರೂಮಿನಲ್ಲಿ ಟಿಫನ್ ಬಾಕ್ಸಿನ ಮುಚ್ಚಳ ತೆಗೆಯುತ್ತಿದ್ದೆ. ಫೋನಿನಲ್ಲಿ ನಮ್ಮ ಚಿಂತಾಮಣಿಯ ಫ್ಯಾನ್ಸಿ ಸ್ಟೋರಿನ ಅಯೂಬ್ ಭಾಯ್. ಏನು ಕೊಡುವುದು? ಯಾರಿಗೆ?

“ನಿಮ್ ಪಾಪು ನಮ್ಮಂಗಡೀಲಿ ಅವ್ಳೆ. ಕಪ್ಪು ಲಿಪ್‌ಸ್ಟಿಕ್ ಕೇಳ್ತಾವ್ಳೆ. ಕೆಂಪಲ್ಲ ಮೇಡಂ, ಕಪ್ಪು! ಮರೂನ್ ತಗೋಮ್ಮ, ಮುಖಕ್ಕೆ ಕಳೆ ಬರುತ್ತೆ ಅಂದೆ. ಕೇಳ್ತಾನೇ ಇಲ್ಲ. ನೀವ್ ಹೂಂ ಅಂದ್ರೆ ಕೊಡ್ತೀನಿ.”

ಪಾಪು ಎಂದರೆ ನನ್ನ ಮಗಳು ಸಹನಾ. ವಯಸ್ಸು ಹದಿನೇಳು, ಓದುತ್ತಿರುವುದು ಸೆಕೆಂಡ್ ಪಿಯುಸಿ. ನಾನು ಹೂಂ ಅನ್ನುವಷ್ಟರಲ್ಲಿ ಅವಳು ಕೆಂಡಾಮಂಡಲವಾಗಿ ಅಂಗಡಿಯಿಂದ ಹೊರಟಾಗಿತ್ತು. (ಹೆಸರು ಇಡುವಾಗ ನಾವು ಇನ್ನಷ್ಟು ಯೋಚಿಸಬೇಕಿತ್ತು.)

ಸಂಜೆ ಮನೆಗೆ ಹೋದರೆ ಬಾಗಿಲಲ್ಲೇ ಡಿಮ್ಯಾಂಡ್. “ನಂಗೆ ಕ್ರೆಡಿಟ್ ಕಾರ್ಡ್ ಬೇಕು.”

ಲಿಪ್‌ಸ್ಟಿಕ್ಕಿನಿಂದ ಸೀದಾ ಸಾಲಕ್ಕೆ?

“ಅಮ್ಮಾ, ಹುಟ್ಟಿದಾಗಿಂದ ನಾನು ಒಂದ್ ಹೇರ್‌ಬ್ಯಾಂಡ್ ಕೂಡ ಈ ಊರನ್ನ ಕೇಳ್ದೆ ತಗೊಂಡಿಲ್ಲ. ಒಂದೇ ಒಂದ್ ಸಲ, ಯಾರ ಪರ್ಮಿಷನ್ನೂ ಇಲ್ದೆ, ನಂಗೆ ಬೇಕಾದ್ದು ತಗೋಬೇಕು. ಕಾರ್ಡ್ ಇದ್ರೆ ದೊಡ್ಡೋಳು ಅಂದ್ಕೋತಾರೆ. ‘ಅಮ್ಮನ್ನ ಕೇಳ್ದೇನಮ್ಮಾ’ ಅನ್ನಲ್ಲ.”

ಫೋನಿನಲ್ಲಿ ಸ್ಕ್ಯಾನ್ ಮಾಡಬಾರದೇ ಎಂದೆ. ಅಂಗಡಿಯ ಸ್ಪೀಕರ್ ಡಬ್ಬಿ ಇಷ್ಟು ರೂಪಾಯಿ ಬಂತೆಂದು ಇಡೀ ಬೀದಿಗೆ ಕೂಗುತ್ತದಂತೆ. ಆನ್‌ಲೈನ್? ಕೊರಿಯರ್ ಹುಡುಗ ನನ್ನ ಹಳೆಯ ಸ್ಟೂಡೆಂಟ್. ಮನೆಯ ಪಾರ್ಸೆಲ್ಲನ್ನೂ ಭಕ್ತಿಯಿಂದ ಸ್ಕೂಲಿಗೇ ತಂದು, ಇಡೀ ಸ್ಟಾಫ್ ರೂಮಿನ ಎದುರು ನನ್ನ ಕೈಗೇ ಕೊಡುತ್ತಾನೆ. ಅವಳ ಮಾತಿನಲ್ಲಿ ಸುಳ್ಳೇನಿರಲಿಲ್ಲ.

ಮರುದಿನ ಸ್ಟಾಫ್ ರೂಮಿನಲ್ಲಿ ಇದೇ ಚರ್ಚೆ. ಹದಿಹರೆಯದವರಿಗೆ ಕಾರ್ಡೇ? “ಮಂಗನ ಕೈಗೆ ಮಾಣಿಕ್ಯ ಕೊಟ್ಟ ಹಾಗೆ” ಎಂದರು ಸೈನ್ಸ್ ಮೇಡಂ. (ಟ್ರಾಲಿ ಬ್ಯಾಗ್ ಫ್ರೀ ಸಿಗುತ್ತದೆಂದು ಹೊಸ ಕಾರ್ಡ್ ಮಾಡಿಸಿದವರು ಇವರೇ. ಬ್ಯಾಗ್ ಇನ್ನೂ ಬಂದಿಲ್ಲ.) ಭಯ ನನಗೂ ಇತ್ತು. ಈಗ ಕಾರ್ಡ್ ಉಜ್ಜಿ ಆಮೇಲೆ ಬಿಲ್ ನೋಡಿ ಅಳುವ ದೊಡ್ಡವರನ್ನೇ ಸಾಕಷ್ಟು ನೋಡಿದ್ದೇನೆ, ಇನ್ನು ಮಕ್ಕಳ ಪಾಡೇನು?

ಆದರೂ ಅವಳ ಆ ‘ಒಂದೇ ಒಂದ್ ಸಲ’ ಕಿವಿಯಲ್ಲೇ ಉಳಿದಿತ್ತು. ಕೊನೆಗೆ ನನ್ನ ಕಾರ್ಡಿಗೆ ಒಂದು ಆ್ಯಡ್-ಆನ್ ಕಾರ್ಡ್ ಮಾಡಿಸಿದೆ. ಅವಳ ಹೆಸರು, ಚಿಕ್ಕ ಲಿಮಿಟ್. ಖರ್ಚು ಮಾಡಿದ ಕೂಡಲೇ ಅಲರ್ಟ್ ನನ್ನ ಫೋನಿಗೆ.

ಮೊದಲ ಪ್ರಯೋಗ ನಮ್ಮ ಬೀದಿಯ ನಾರಾಯಣರೆಡ್ಡಿಯವರ ಪ್ರಾವಿಜನ್ ಸ್ಟೋರಿನಲ್ಲಿ. ಒಂದು ಶಾಂಪೂ ಬಾಟಲಿಗೆ ಮಗಳು ಗತ್ತಿನಿಂದ ಕಾರ್ಡ್ ಚಾಚಿದಳು. ರೆಡ್ಡಿಯವರು ಕಾರ್ಡನ್ನು ಮುಟ್ಟಲೇ ಇಲ್ಲ. ಶಾಂಪೂವನ್ನು ನಮ್ಮ ಲೆಕ್ಕಕ್ಕೆ ಬರೆದುಕೊಂಡು, ಜೊತೆಗೊಂದು ಕಡಲೆಮಿಠಾಯಿಯನ್ನೂ ಕೊಟ್ಟು ಕಳಿಸಿದರು. ಅಂಗಡಿ ಮುಚ್ಚಿದ ಮೇಲೆ ಸೀದಾ ನಮ್ಮ ಮನೆಗೆ ಬಂದರು. ಕೂರಲಿಲ್ಲ. ಕಾಫಿ ಮುಟ್ಟಲಿಲ್ಲ.

“ಏಮಿ ಮೇಡಂ, ನಮ್ಮಿಂದ ಏನ್ ತಪ್ಪಾಯ್ತು? ನೀವು ಮದುವೆಯಾಗಿ ಬಂದಾಗಿಂದ ನಮ್ಮಂಗಡೀದೇ ಸಾಮಾನು. ಒಂದ್ ಶಾಂಪೂಗೆ ಪಾಪು ಕೈಲಿ ಕಾರ್ಡ್ ತೋರಿಸ್ತೀರಾ? ನಾನೇನ್ ಕೊಡಲ್ಲ ಅಂದ್ನಾ?” ಆಮೇಲೆ ದನಿ ತಗ್ಗಿಸಿ, “ಸಾರ್ ಕೆಲ್ಸಕ್ಕೇನೂ ತೊಂದ್ರೆ ಆಗಿಲ್ವಲ್ಲ?”

ಸಾರ್ ಎಂದರೆ ನನ್ನ ಗಂಡ. ಅವರು ಒಳಗೆ ಟೀವಿಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಕೆಲಸ ಭದ್ರವಾಗಿಯೇ ಇದೆ ಎಂದು ಅವರನ್ನು ಕರೆದು ತೋರಿಸಬೇಕಾಯಿತು.

ಆಗ ಹೊಳೆಯಿತು. ಹದಿನೇಳಕ್ಕೆ ಕ್ರೆಡಿಟ್ ಕೊಡಬೇಕೇ ಬೇಡವೇ ಎಂದು ನಾವು ತಲೆ ಕೆಡಿಸಿಕೊಂಡಿದ್ದೇವೆ. ಈ ಊರು ಅವಳಿಗೆ ತೊಟ್ಟಿಲಿನಿಂದಲೇ ಕೊಡುತ್ತಾ ಬಂದಿದೆ! ಅವಳ ಮುಖವೇ ಕಾರ್ಡು. ‘ಲೆಕ್ಕದ ಮಿಸ್ ಮಗಳು’ ಅನ್ನುವುದೇ ಪಿನ್ನು. ಅಯೂಬ್ ಭಾಯ್ ನನಗೆ ಮಾಡುವ ಫೋನೇ ಓಟಿಪಿ.

ಹೋದ ಭಾನುವಾರ ಸಹನಾ ಗೆಳತಿಯ ಮನೆಗೆಂದು ಒಬ್ಬಳೇ ಬಸ್ಸು ಹತ್ತಿ ಚಿಕ್ಕಬಳ್ಳಾಪುರಕ್ಕೆ ಹೋದಳು. ಮಧ್ಯಾಹ್ನ ನನ್ನ ಫೋನು ಟಿಣ್ ಎಂದಿತು. ಅಲ್ಲಿನ ಯಾವುದೋ ಫ್ಯಾನ್ಸಿ ಸ್ಟೋರಿನ ಹೆಸರು, ಒಂದು ಲಿಪ್‌ಸ್ಟಿಕ್ಕಿನಷ್ಟೇ ಮೊತ್ತ.

ಗೆದ್ದಳು! ನಿಜ ಹೇಳುತ್ತೇನೆ, ನನಗೆ ಅವಳಿಗಿಂತ ಹೆಚ್ಚು ಖುಷಿಯಾಯಿತು. ನನಗೇನೂ ಗೊತ್ತಿಲ್ಲದಂತೆ ಇದ್ದುಬಿಡಬೇಕು ಎಂದು ಅಲ್ಲೇ ತೀರ್ಮಾನಿಸಿದೆ.

ಫೋನು ಮತ್ತೆ ಬಡಿದುಕೊಂಡಿತು. ಅಯೂಬ್ ಭಾಯ್.

“ಮೇಡಂ, ಕೊಟ್ಬಿಟ್ಟವ್ನೆ!”

“ಯಾರು? ಏನು?”

“ನಮ್ ಬಾಮೈದ, ಮೇಡಂ. ಚಿಕ್ಕಬಳ್ಳಾಪುರದಾಗೆ ಅವ್ನದೂ ಅಂಗಡಿ. ‘ಯಾವೂರಮ್ಮಾ, ಯಾರ ಮಗಳು’ ಅಂತ ಕೇಳವ್ನೆ. ಪಾಪು ಎಲ್ಲಾ ಹೇಳವ್ಳೆ. ಊರು, ಬೀದಿ, ನಿಮ್ಮ ಸ್ಕೂಲು, ಎಲ್ಲಾ. ಅವ್ನು ನಂಗೆ ಫೋನ್ ಹಾಕೋ ಹೊತ್ಗೆ ಬಿಲ್ ಆಗೋಗಿತ್ತು. ವಾಪಸ್ ಇಸ್ಕೊಳೋಕೆ ಹೇಳ್ಲಾ?”

“ಬೇಡ ಭಾಯ್, ಬೇಡ! ನೀವು ಫೋನ್ ಮಾಡಿದ್ದು ಅವಳಿಗೆ ಗೊತ್ತಾಗೋದೇ ಬೇಡ.”

“ತೌಬಾ! ನಾನ್ಯಾಕ್ ಹೇಳ್ಲಿ ಮೇಡಂ?”

ಮಗಳನ್ನು ಬೈಯುವುದು ಹೇಗೆ? ಪಿನ್ ನಂಬರ್ ಯಾರಿಗೂ ಹೇಳಬೇಡ ಎಂದು ಕಲಿಸಿದ್ದೆ. ಅದನ್ನು ಅವಳು ಯಾರಿಗೂ ಹೇಳಲಿಲ್ಲ. ಆದರೆ ನಮ್ಮ ಕಡೆ ಹುಟ್ಟಿದವರು ‘ಯಾರ ಮಗಳಮ್ಮಾ’ ಎಂದು ಹಿರಿಯರು ಕೇಳಿದರೆ ಬಾಯಿ ಮುಚ್ಚಿಕೊಂಡು ನಿಲ್ಲಲು ಸಾಧ್ಯವೇ? ಹಾಗೆ ನಿಂತಿದ್ದರೆ ‘ಎಂಥಾ ಅಹಂಕಾರ’ ಎಂದು ಮೊದಲು ಬೈಯುತ್ತಿದ್ದವಳು ನಾನೇ.

ಸಂಜೆ ಮುದ್ದೆ, ಬಸ್ಸಾರಿನ ಎದುರು ಕಪ್ಪು ತುಟಿಯ ಮಗಳು ಬಂದು ಕುಳಿತಳು. ಬುಟ್ಟಿ ನೇರಳೆಹಣ್ಣು ತಿಂದು ಬಂದ ಹಾಗಿತ್ತು.

“ಹೆಂಗಿದೆ ಅಮ್ಮ?”

“ಚೆನ್ನಾಗಿದೆ ಕಣೇ. ಎಲ್ಲಿ ತಗೊಂಡೆ?”

“ಒಂದ್ಕಡೆ.”

ಆ ‘ಒಂದ್ಕಡೆ’ ಅನ್ನುವಾಗ ಅವಳ ಮುಖ ನೋಡಬೇಕಿತ್ತು ನೀವು. ರಾಜ್ಯ ಗೆದ್ದವರಿಗೂ ಅಷ್ಟು ಬಿಂಕ ಇರುವುದಿಲ್ಲ. ಬ್ಯಾಂಕಿನ ಫೀಸು, ನನ್ನ ಭಯ ಎಲ್ಲಾ ಅಲ್ಲಿಗೆ ಚುಕ್ತಾ ಆಯಿತು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ನಾರಾಯಣರೆಡ್ಡಿಯವರು. ಈ ಸಲ ಅವರೇ ಕುರ್ಚಿ ಎಳೆದುಕೊಂಡು ಕೂತರು.

“ಮೇಡಂ, ಪಾಪುಗೆ ಕಪ್ಪು ಲಿಪ್‌ಸ್ಟಿಕ್ ಬೇಕಿತ್ತಂತೆ? ಈಗ ಅಯೂಬ್ ಹೇಳ್ದ. ಅದಕ್ಕೋಸ್ಕರ ಮಗು ಚಿಕ್ಕಬಳ್ಳಾಪುರಕ್ಕೆ ಹೋಗ್ಬೇಕಿತ್ತಾ? ನಂಗೊಂದು ಮಾತು ಹೇಳಿದ್ರೆ ನಾನೇ ತರಿಸ್ತಿದ್ನಲ್ಲ!”

ಸಹನಾಳ ಕೈಯ ಮುದ್ದೆ ಕೈಯಲ್ಲೇ ನಿಂತಿತು. ರೆಡ್ಡಿಯವರನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಆ ನೋಟ ನನಗೆ ಇನ್ನೂ ಅರಗಿಲ್ಲ.

ನನ್ನ ಫೋನಿಗೆ ಬರುವ ಅಲರ್ಟ್ ನಿಲ್ಲಿಸಿ ಎಂದು ಮರುದಿನವೇ ಬ್ಯಾಂಕಿಗೆ ಹೇಳಿ ಬಂದಿದ್ದೇನೆ. ಊರಿನ ಅಲರ್ಟ್ ನಿಲ್ಲಿಸಲು ಯಾರಿಗೆ ಹೇಳಬೇಕು?