ನೋಡದೆ ನೋಡಿದೆ ಎಂದದ್ದು

ನಮ್ಮ ಕಸುಬಿನಲ್ಲಿ ಒಂದು ಕಟ್ಟುಪಾಡಿದೆ. ಒಬ್ಬರು ಬರೆದ ಪ್ರೋಗ್ರಾಮನ್ನು ಇನ್ನೊಬ್ಬರು ಪರೀಕ್ಷಿಸಿ ಸಹಿ ಹಾಕದೆ ಒಂದೇ ಒಂದು ಅಂಕಿಯೂ ಹೊರಗೆ ಹೋಗುವಂತಿಲ್ಲ. ಔಷಧಿ ಪ್ರಯೋಗದ ಅಂಕಿ ಅಂಶ ನೋಡುವವರು ನಾವು. ಎಡವಿದರೆ ಯಾರದೋ ಜೀವಕ್ಕೆ ಕುತ್ತು ಬರುತ್ತದೆ. ಹದಿನೆಂಟು ವರ್ಷದಿಂದ ಚೆನ್ನೈನಲ್ಲಿ ಇನ್ನೊಬ್ಬರ ತಪ್ಪು ಹುಡುಕಿಯೇ ಅನ್ನ ತಿಂದವಳು ನಾನು. ಮನೆಯಲ್ಲೂ ಅದೇ ಚಾಳಿ ಎಂದು ಗಂಡ ರೇಗಿಸುತ್ತಾರೆ.

ತಿಂಗಳಿಗೊಂದು ಶನಿವಾರ ಬೆಳಿಗ್ಗೆ ಕೀಲ್ಪಾಕ್ ಬಡಾವಣೆಯ ಸಣ್ಣ ಸಭಾಂಗಣವೊಂದರಲ್ಲಿ, ಒಂದೇ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ಬಳಸುವ ನಾವೆಲ್ಲ ಸೇರುತ್ತೇವೆ. ಯಾರಾದರೊಬ್ಬರು ತಾವು ಮಾಡಿದ್ದನ್ನು ಪರದೆಯ ಮೇಲೆ ತೋರಿಸುತ್ತಾರೆ, ಉಳಿದವರು ಪ್ರಶ್ನೆ ಕೇಳುತ್ತಾರೆ, ಆಮೇಲೆ ವಡೆ, ಕಾಫಿ. ಮೊದಲೆಲ್ಲ ಕುರ್ಚಿ ಸಾಲುತ್ತಿರಲಿಲ್ಲ. ಈಗ ಬರುವವರಲ್ಲಿ ಅರ್ಧ ಜನ ಕೆಲಸ ಕಳೆದುಕೊಂಡವರು. ಯಾರಾದರೂ ಒಂದು ಕಡೆ ಜಾಗ ಖಾಲಿ ಇದೆ ಎಂದಾರೇನೋ ಎಂಬ ಆಸೆಗೆ ಬರುತ್ತಾರೆ.

ಅಲ್ಲೇ ಪರಿಚಯವಾದವರು ರಾಯಪುರಂ ಕಡೆಯ ಒಬ್ಬರು. ಐವತ್ತು ದಾಟಿದವರು, ತಾತನ ಕಾಲದಿಂದ ಇಲ್ಲೇ ನೆಲೆಸಿದ, ತಮಿಳು ಬೆರೆತ ಕನ್ನಡದ ರೈಲ್ವೆ ಮನೆತನ. ಕೆಲಸ ಹೋಗಿ ವರ್ಷವಾಗಿತ್ತು, ಮಗಳ ಓದು ಇನ್ನೂ ಮುಗಿದಿರಲಿಲ್ಲ. ಮುಂದಿನ ಸಭೆಯಲ್ಲಿ ಅವರೇ ಮಾತಾಡುವುದಿತ್ತು. ಅದನ್ನು ಕೇಳಲು, ಅನುಭವಸ್ಥರನ್ನು ಹುಡುಕುತ್ತಿದ್ದ ಕಂಪನಿಯೊಂದರ ಮ್ಯಾನೇಜರ್ ಬರುವವರಿದ್ದರು.

“ಮೇಡಂ, ಸ್ಲೈಡ್ ಎಲ್ಲಾ ಕಳ್ಸಿದೀನಿ. ಒಂದ್ ತಡವೆ, ಒಂದೇ ಸಲ ನೋಡ್ಬಿಟ್ಟು ಹೇಳಿಮ್ಮಾ. ಇದು ಬಿಟ್ರೆ ನಂಗೆ ಬೇರೆ ದಾರಿ ಇಲ್ಲ,” ಎಂದಿದ್ದರು.

“ಅಯ್ಯೋ, ಅದಕ್ಕೇನಂತೆ, ಖಂಡಿತ ನೋಡ್ತೀನಿ.”

ಆ ವಾರ ಆಫೀಸಿನ ಕೆಲಸ ಕುತ್ತಿಗೆಗೆ ಬಂದಿತ್ತು. ಶುಕ್ರವಾರ ಸಂಜೆ ಅವರ ಫೋನು ಬಂದಾಗ ನಾನು ಫೈಲನ್ನು ತೆರೆದೂ ಇರಲಿಲ್ಲ. ಹಾಗೆನ್ನಲು ನಾಚಿಕೆ. “ನೋಡ್ದೆ ಸಾರ್, ಚೆನ್ನಾಗಿದೆ. ಧೈರ್ಯವಾಗಿ ಮಾಡಿ,” ಎಂದುಬಿಟ್ಟೆ. ಎಷ್ಟು ಸಲೀಸಾಗಿ ಬಂತು ಸುಳ್ಳು! ಫೋನಿಟ್ಟು ಹುಳಿಗೆ ಒಗ್ಗರಣೆ ಹಾಕಿದೆ.

ಮಾರನೆಯ ದಿನ ಸಭೆಯಲ್ಲಿ ಮೂರನೇ ಸ್ಲೈಡಿಗೇ ತಪ್ಪು ನನ್ನ ಕಣ್ಣಿಗೆ ಬಿತ್ತು. ಹಿಮೋಗ್ಲೋಬಿನ್ ಇಷ್ಟಕ್ಕಿಂತ ಕಡಿಮೆ ಇದ್ದವರನ್ನೆಲ್ಲ ತೀವ್ರ ರಕ್ತಹೀನತೆಯವರೆಂದು ಆರಿಸುವ ಸಾಲು ಅದು. ಆದರೆ ನಮ್ಮ ಸಾಫ್ಟ್‌ವೇರಿಗೆ ಖಾಲಿ ಬಿಟ್ಟ ಜಾಗವೆಂದರೆ ಎಲ್ಲ ಅಂಕಿಗಿಂತಲೂ ಚಿಕ್ಕದು. ಹಾಗಾಗಿ ರಕ್ತಪರೀಕ್ಷೆಯೇ ಆಗದವರೂ ಹೋಗಿ ತೀವ್ರ ರೋಗಿಗಳ ಪಟ್ಟಿಯಲ್ಲಿ ಕೂತಿದ್ದರು. ಖಾಲಿ ಇದ್ದದ್ದನ್ನು ಮೊದಲು ಬೇರೆ ತೆಗೆಯಬೇಕು. ಹೊಸಬರಿಗೆ ನಾವು ಮೊದಲ ವಾರವೇ ಹೇಳಿಕೊಡುವ ಪಾಠ ಇದು. ನಾನು ತೆರೆದು ನೋಡಿದ್ದರೆ ಎರಡು ನಿಮಿಷದಲ್ಲಿ ಸಿಕ್ಕಿಬೀಳುತ್ತಿತ್ತು.

ಯಾರೂ ಗಮನಿಸದಿದ್ದರೆ ಸಾಕು ದೇವರೇ ಎಂದುಕೊಳ್ಳುವಷ್ಟರಲ್ಲಿ ಹುಡುಗಿಯೊಬ್ಬಳು ಕೈ ಎತ್ತಿದಳು. ಪರೀಕ್ಷೆ ಆಗದವರನ್ನು ಹೊರಗಿಟ್ಟಿದ್ದೀರಾ ಎಂದು ಮೆತ್ತಗೆ ಕೇಳಿದಳು. ಅವರು ಪರದೆಯ ಕಡೆ ತಿರುಗಿ ಆ ಸಾಲನ್ನು ಓದಿದರು. ಮತ್ತೊಮ್ಮೆ ಓದಿದರು.

“ಇದನ್ನು ಇನ್ನೊಬ್ಬರು ಪರೀಕ್ಷೆ ಮಾಡಲಿಲ್ಲವಾ?” ಎಂದು ಮ್ಯಾನೇಜರ್ ಇಂಗ್ಲಿಷಿನಲ್ಲಿ ಕೇಳಿದರು.

ನಾನು ಎರಡನೇ ಸಾಲಿನಲ್ಲಿದ್ದೆ. ರಾಯಪುರಂನವರು ನನ್ನತ್ತ ಕಣ್ಣು ಕೂಡ ಹಾಯಿಸಲಿಲ್ಲ. “ಇಲ್ಲ ಸಾರ್, ನಾನೊಬ್ಬನೇ ಮಾಡಿದ್ದು,” ಎಂದರು. ಆಗ ಎದ್ದು ನಿಲ್ಲಬೇಕಿತ್ತು ನಾನು. ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಥೂ, ನನ್ನ ಜನ್ಮಕ್ಕಿಷ್ಟು! ಮ್ಯಾನೇಜರ್ ಕಾಫಿಗೂ ನಿಲ್ಲದೆ ಹೊರಟುಹೋದರು.

ರಾಯಪುರಂನವರು ಮೆಟ್ಟಿಲ ಹತ್ತಿರ ಒಬ್ಬರೇ ಲ್ಯಾಪ್‌ಟಾಪ್ ಚೀಲದ ಜಿಪ್ ಎಳೆಯುತ್ತಿದ್ದರು. ಈಗಲಾದರೂ ಹೇಳಿಬಿಡಬೇಕು ಎಂದುಕೊಂಡು ಹೋದೆ.

“ಸಾರ್, ಆ ಫೈಲು ನಾನು...”

“ಬಿಡಿಮ್ಮಾ,” ಎಂದು ನಗಲು ನೋಡಿದರು. “ಇಷ್ಟ್ ವರ್ಷ ಮಾಡಿದ್ ಕೆಲ್ಸ ಮರ್ತೇ ಹೋಯ್ತಾ ಅಂತ ಅಲ್ಲಿ ನಿಂತಾಗ ಭಯ ಆಗ್ಬಿಡ್ತು. ಆಮೇಲೆ ಯೋಚ್ನೆ ಮಾಡ್ದೆ, ನೀವೂ ನೋಡಿದ್ರಲ್ಲಾ. ನಿಮ್ ಕಣ್ಣಿಗೇ ಬೀಳ್ಲಿಲ್ಲ ಅಂದ್ಮೇಲೆ ಅದು ಯಾರ್ ಕಣ್ಣಾದ್ರೂ ತಪ್ಪಿಸ್ಕೊಳ್ಳೋ ಅಂಥದ್ದೇ. ಅಲ್ವಾ?”

“ಹೌದು ಸಾರ್,” ಎಂದೆ. “ಯಾರ ಕಣ್ಣಾದ್ರೂ ತಪ್ಪಿಸ್ಕೊಳ್ಳೋ ಅಂಥದ್ದೇ.”